ಮರ ಇರಲಿ, ಅಮ್ಮನಿಗೆ ದಾರಿಯೂ ಇರಲಿ

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ ಅಮ್ಮನ ಜೊತೆ ಬಸ್ ಸ್ಟಾಪಿನವರೆಗೆ ನಡೆದೆ. ನಮ್ಮ ಮನೆ ಉಡುಪಿ–ಮಣಿಪಾಲ ರಸ್ತೆಯಿಂದ ಸ್ವಲ್ಪ ಒಳಗೆ. ಸ್ಟಾಪಿಗೆ ಹೆಚ್ಚೆಂದರೆ ಮುನ್ನೂರು ಹೆಜ್ಜೆ. ಅಮ್ಮನಿಗೆ ಈಗ 78 ವರ್ಷ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟೆಯ ಚೀಲ. ಸ್ಟಾಪಿನ ಹತ್ತಿರ ಒಂದು ಗೋಳಿಮರ ಇದೆ. ಆಲದ ಮರಕ್ಕೆ ನಮ್ಮ ಕಡೆ ಗೋಳಿ ಅನ್ನುತ್ತೇವೆ. ಫುಟ್‌ಪಾತ್ ಅದರ ಬುಡದವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಬೇರು ನಾಲ್ಕೈದು ಚಪ್ಪಡಿಗಳನ್ನು ಎತ್ತಿ ಹಾಕಿದೆ. ಮರ ದಾಟಿದ ಮೇಲೆ ಮತ್ತೆ ಫುಟ್‌ಪಾತ್ ಶುರು. ನಡುವಿನ ಹದಿನೈದಿಪ್ಪತ್ತು ಅಡಿ ದೂರಕ್ಕೆ ಅಮ್ಮ ರಸ್ತೆಗೆ ಇಳಿಯಲೇಬೇಕು.

ಇಳಿದರು. ಹಿಂದಿನಿಂದ ಬಸ್ಸೊಂದು ಜೋರಾಗಿ ಹಾರ್ನ್ ಹೊಡೆಯಿತು. ಬೆಚ್ಚಿಬಿದ್ದು ಕೋಲು ಬಿಟ್ಟರು. ನಾನು ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಆಗ ನನಗೆ ಸಿಟ್ಟು ಬಂದದ್ದು ಬಸ್ಸಿನ ಮೇಲಲ್ಲ, ಆ ಮರದ ಮೇಲೆ. ಶಾಲೆಗೆ ಹೋಗುವಾಗ ಮಳೆಯಲ್ಲಿ ಅದರ ಅಡಿಯಲ್ಲೇ ನಿಂತು ಬೆಳೆದವನು ನಾನು. ಮುಂಬಯಿಗೆ ಹೊರಟ ದಿನ ಟ್ರಂಕು ಇಟ್ಟುಕೊಂಡು ಬಸ್ಸಿಗೆ ಕಾದದ್ದೂ ಅಲ್ಲೇ. ಆ ಮರವನ್ನು ಅರೆ ಗಳಿಗೆಯಾದರೂ ಶತ್ರುವಿನಂತೆ ನೋಡಿದೆನಲ್ಲ ಎಂದು ರಾತ್ರಿ ನಿದ್ದೆ ಬರಲಿಲ್ಲ.

ಈಗ ಆ ಸ್ಟಾಪನ್ನು ದೊಡ್ಡದು ಮಾಡಿ ನಿಲ್ದಾಣ ಕಟ್ಟುವ ಮಾತು ನಡೆಯುತ್ತಿದೆ. ಬಸ್ಸು ಒಳಗೆ ಬಂದು ನಿಲ್ಲಲು ಜಾಗ, ಮೇಲೆ ಶೀಟು, ನಾಲ್ಕು ಅಂಗಡಿ, ಮುಂದೆ ಪಾರ್ಕಿಂಗ್. ಅದಕ್ಕಾಗಿ ರಸ್ತೆ ಬದಿಯ ಸಾಲುಮರಗಳು ಹೋಗಬೇಕಂತೆ. ನನ್ನ ಭಾವನಿಗೆ ಇದು ಒಪ್ಪಿಗೆ. "ಮರ ಮರ ಅಂತ ಕೂತರೆ ಊರು ಮುಂದೆ ಹೋಗುದು ಹೇಗೆ? ಮೊನ್ನೆ ಅತ್ತೆ ಬೀಳುವುದರಲ್ಲಿದ್ದರು, ನೀವೇ ನೋಡಿದ್ದೀರಲ್ಲ" ಎಂದರು. ಪಕ್ಕದ ಮನೆಯ ಹುಡುಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಾಳೆ. "ಮಾಮ, ಒಂದೇ ಒಂದು ಮರವನ್ನೂ ಮುಟ್ಟಲಿಕ್ಕೆ ಬಿಡಬಾರದು" ಎಂದು ಅವಳು. ಇಬ್ಬರಿಗೂ ನಾನು ಆ ದಿನ ಉತ್ತರ ಕೊಡಲಿಲ್ಲ. ಮುಂಬಯಿಯಲ್ಲಿ ಎರಡು ಕಡೆಯ ನೋವನ್ನೂ ಹತ್ತಿರದಿಂದ ಕಂಡವನು ನಾನು. ಅದನ್ನು ಸಮಾಧಾನವಾಗಿ ಬರೆಯಬೇಕು ಅನಿಸಿತು.

ನಾನು ಮುಲುಂಡಿನಿಂದ ಪರೇಲಿಗೆ ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವನು. ಪರೇಲಿನಲ್ಲಿ ಇಳಿದು, ಎಲ್ಫಿನ್‌ಸ್ಟನ್ ರೋಡ್ (ಈಗ ಪ್ರಭಾದೇವಿ) ನಿಲ್ದಾಣದ ಕಡೆಗೆ ಕಾಲುಸೇತುವೆ ದಾಟಿ ಆಫೀಸು ಸೇರಬೇಕು. ಹಳೆಯ ಕಾಲದಲ್ಲಿ ಆ ಸುತ್ತಮುತ್ತ ಬಟ್ಟೆ ಗಿರಣಿಗಳಿದ್ದವು. ಗಿರಣಿಗಳು ಹೋಗಿ ಗಾಜಿನ ಕಟ್ಟಡಗಳು ಬಂದವು. ಜನ ಜಾಸ್ತಿಯಾದರು. ಸೇತುವೆ ಮಾತ್ರ ಇದ್ದಷ್ಟೇ ಅಗಲ ಉಳಿಯಿತು. 2017ರ ಸೆಪ್ಟೆಂಬರ್ 29ರಂದು ಬೆಳಿಗ್ಗೆ ಆಫೀಸಿನ ಹೊತ್ತಿಗೆ ಜೋರು ಮಳೆ ಬಂತು. ಕೆಳಗೆ ಇಳಿದರೆ ನೆನೆಯುತ್ತೇವೆಂದು ಜನ ಮೆಟ್ಟಿಲಲ್ಲೇ ನಿಂತರು. ಹಿಂದಿನಿಂದ ಒಂದರ ಮೇಲೊಂದು ರೈಲಿನ ಜನ ಬರುತ್ತಲೇ ಇದ್ದರು. ಕಾಲ್ತುಳಿತದಲ್ಲಿ 23 ಮಂದಿ ಸತ್ತರು.

ನಾನು ಆ ದಿನ ನವರಾತ್ರಿಗೆಂದು ಉಡುಪಿಯಲ್ಲಿದ್ದೆ. ಟಿವಿಯಲ್ಲಿ ಆ ಮೆಟ್ಟಿಲು ನೋಡಿ ಅಮ್ಮ, "ಇದು ನೀನು ದಿನಾ ಹತ್ತುವ ಸೇತುವೆ ಅಲ್ವಾ?" ಎಂದು ಕೇಳಿದರು. ನನಗೆ ಮಾತು ಹೊರಡಲಿಲ್ಲ. ಆಮೇಲೆ ಸೇನೆಯವರು ಬಂದು ಕೆಲವೇ ತಿಂಗಳಲ್ಲಿ ಹೊಸ ಸೇತುವೆ ಕಟ್ಟಿಕೊಟ್ಟರು, 2018ರ ಫೆಬ್ರುವರಿಯಲ್ಲಿ ಅದು ತೆರೆಯಿತು. ಅಷ್ಟು ಬೇಗ ಆಗುವ ಕೆಲಸಕ್ಕೆ 23 ಜನ ಸಾಯಬೇಕಿತ್ತೇ ಎಂಬ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ನನಗೆ ಎರಡು ವಿಷಯ ಮನಸ್ಸಿನಲ್ಲಿ ಕೂತಿವೆ. ನಿಲ್ದಾಣಕ್ಕೆ ನಡೆದು ಬರುವ ದಾರಿಯನ್ನು ಕೊನೆಯಲ್ಲಿ ಉಳಿದ ಜಾಗದಲ್ಲಿ ಮಾಡುವ ಕೆಲಸ ಅಂದುಕೊಂಡರೆ ಜೀವ ಹೋಗುತ್ತದೆ. ಇನ್ನೊಂದು ಮಳೆ. ಆ ಜನ ನಿಂತದ್ದು ಮಳೆಗೆ. ಇಳಿದಲ್ಲಿ ತಲೆ ಮೇಲೆ ಏನಾದರೂ ಆಸರೆ ಇದ್ದಿದ್ದರೆ ಅವರು ಮುಂದೆ ನಡೆಯುತ್ತಿದ್ದರು. ಮುಂಬಯಿಗಿಂತ ಎಷ್ಟೋ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಇಲ್ಲಿ ಮೇಲೆ ಸೂರೋ ಎಲೆಯೋ ಇಲ್ಲದ ಕಾಲುದಾರಿ ನಾಲ್ಕು ತಿಂಗಳು ಹೆಸರಿಗೆ ಮಾತ್ರ ದಾರಿ. ಮಾರ್ಚ್ ಬಂತೆಂದರೆ ಬಿಸಿಲು, ಬೆವರು. ಆಗ ಬೇಕಾಗುವುದೂ ಅದೇ ನೆರಳು.

ಮರದ ಕಡೆಯ ಕಥೆಯೂ ಇದೆ. ಮುಂಬಯಿಯ ಮೂರನೇ ಮೆಟ್ರೋ ಕೊಲಾಬಾದ ಕಡೆಯಿಂದ ಬಾಂದ್ರಾ ಮೂಲಕ ಆರೆಯವರೆಗೆ 33.5 ಕಿಲೋಮೀಟರ್, ಹೆಚ್ಚುಕಡಿಮೆ ಪೂರ್ತಿ ನೆಲದಡಿಯಲ್ಲಿ ಓಡುತ್ತದೆ. ಅದರ ರೈಲುಗಳು ತಂಗುವ ಶೆಡ್ಡಿಗೆಂದು ಮರಗಳು ತುಂಬಿದ ಆರೆ ಕಾಲೊನಿಯಲ್ಲಿ ಜಾಗ ಗುರುತು ಮಾಡಿದರು. 2019ರ ಅಕ್ಟೋಬರ್ 4ರಂದು ಹೈಕೋರ್ಟು, ಅಲ್ಲಿ ಮರ ಕಡಿಯಬಾರದೆಂಬ ಅರ್ಜಿಗಳನ್ನು ತಳ್ಳಿಹಾಕಿತು. ಅದೇ ರಾತ್ರಿ ಗರಗಸ ಶುರುವಾಯಿತು. ಸುಪ್ರೀಂ ಕೋರ್ಟು 7ರಂದು ತಡೆ ಕೊಡುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ನೆಲಕ್ಕೆ ಬಿದ್ದಿದ್ದವು. ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗ ಆ ರಾತ್ರಿ ಅಲ್ಲಿಗೆ ಹೋಗಿದ್ದ. ಬೆಳಿಗ್ಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತ. ಮರಕ್ಕಾಗಿ ಗಂಡುಮಗ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ನಿಲ್ದಾಣಗಳ ಜಾಗದಲ್ಲಿದ್ದ ಮರಗಳಲ್ಲಿ ಕೆಲವನ್ನು ಬುಡಸಮೇತ ಎತ್ತಿ ಬೇರೆ ಕಡೆ ನೆಟ್ಟರು. ಎತ್ತಿ ನೆಟ್ಟವುಗಳಲ್ಲಿ ಬಹಳಷ್ಟು ಒಣಗಿ ಹೋದವು. ತೋಟ ಮಾಡಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಐದು ವರ್ಷದ ಹಲಸಿನ ಗಿಡ ಕಿತ್ತು ನೆಟ್ಟರೇ ಬದುಕುವುದು ಕಷ್ಟ, ಐವತ್ತು ವರ್ಷದ ಮರ ಬದುಕುತ್ತದೆಯೇ? ನಿಲ್ದಾಣ ಮುಗಿದ ಮೇಲೆ ಕಡಿದ ಜಾಗದಲ್ಲೇ ಮತ್ತೆ ಮರ ನೆಡುತ್ತೇವೆಂದು 2017ರಲ್ಲಿ ಹೈಕೋರ್ಟಿಗೆ ಮಾತು ಕೊಟ್ಟಿದ್ದರು. ಆದರೆ ಕೆಳಗೆ ನಿಲ್ದಾಣದ ಕಾಂಕ್ರೀಟು ಸ್ಲ್ಯಾಬ್ ಇದ್ದರೆ ದೊಡ್ಡ ಮರಕ್ಕೆ ಬೇರಿಳಿಸಲು ಮಣ್ಣೆಲ್ಲಿ? ಮಣ್ಣಿನ ಆಳವನ್ನು ನಕ್ಷೆ ಬರೆಯುವಾಗಲೇ ಲೆಕ್ಕ ಹಾಕಬೇಕು, ಆಮೇಲೆ ಅದು ಸಿಗುವ ವಸ್ತು ಅಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಆ ಮೆಟ್ರೋ 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು. ನಾನೂ ಅದರಲ್ಲಿ ಹೋಗುತ್ತೇನೆ, ನನಗೆ ಅದು ಬೇಕು. ಲಕ್ಷಾಂತರ ಜನ ಕಾರು ಬಿಟ್ಟು ರೈಲು ಹತ್ತಿದರೆ ಗಾಳಿಗೂ ಒಳ್ಳೆಯದು, ಮರಕ್ಕೂ ಒಳ್ಳೆಯದು. ಹಾಗಾಗಿ ನಿಲ್ದಾಣವೇ ಬೇಡ ಎನ್ನುವವರ ಜೊತೆ ನಾನಿಲ್ಲ.

ಮುಂಬಯಿ ಮಾಡಿದ ಇನ್ನೊಂದು ಪ್ರಯೋಗವನ್ನು ನಮ್ಮೂರಿನವರು ತಿಳಿದಿರಬೇಕು. ರಸ್ತೆಯಲ್ಲಿ ನಡೆಯುವವರಿಗೆ ಜಾಗ ಇಲ್ಲವೆಂದು ನಿಲ್ದಾಣಗಳ ಹೊರಗೆ ಸ್ಕೈವಾಕ್ ಕಟ್ಟಿದರು. 2008ರಲ್ಲಿ ಬಾಂದ್ರಾ ಪೂರ್ವದಲ್ಲಿ ಮೊದಲನೆಯದು ಬಂತು. ಆಮೇಲೆ ಊರ ತುಂಬ. ಕೆಳಗಿನ ರಸ್ತೆ ಗಾಡಿಗಳಿಗೆ, ಮೇಲಿನದು ಮನುಷ್ಯರಿಗೆ ಎಂಬ ಲೆಕ್ಕ. ಮಂಡಿ ನೋವಿನವರು, ಮಗು ಎತ್ತಿಕೊಂಡವರು, ತರಕಾರಿ ಚೀಲ ಹಿಡಿದವರು ಅಷ್ಟು ಮೆಟ್ಟಿಲು ಹತ್ತಲಿಲ್ಲ. ಕೆಳಗೇ ಗಾಡಿಗಳ ನಡುವೆ ನಡೆದರು. ಎಷ್ಟೋ ಸ್ಕೈವಾಕುಗಳು ಖಾಲಿ ಹೊಡೆದವು. ಮೊದಲು ಕಟ್ಟಿದ ಬಾಂದ್ರಾದ್ದು ಹಾಳಾಗಿ ಅದನ್ನು ಕೆಡವಲೇಬೇಕಾಯಿತು. ನನ್ನ ಅಮ್ಮನಂಥವರಿಗೆ ನೆಲದ ಮೇಲೆಯೇ ದಾರಿ ಬೇಕು. ಅದು ಸಪಾಟಾಗಿರಬೇಕು. ಇದರಲ್ಲಿ ರಾಜಿ ಇಲ್ಲ.

ಮುಂಬಯಿಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಪದ್ಧತಿಯೂ ಇದೆ. ಅಲ್ಲಿ ಮರ ಕಡಿಯುವ ಅರ್ಜಿ ಬಂದರೆ ಮರಕ್ಕೇ ನೋಟೀಸು ಅಂಟಿಸುತ್ತಾರೆ. ಮಹಾರಾಷ್ಟ್ರದ 1975ರ ಕಾನೂನಿನಲ್ಲೇ ಅದು ಇದೆ. ಬಸ್ಸಿಗೆ ಕಾಯುವವರು, ಹೂ ಮಾರುವವರು, ರಿಕ್ಷಾದವರು ಎಲ್ಲರೂ ಓದುತ್ತಾರೆ. ಆಕ್ಷೇಪ ಇದ್ದವರು ಬರೆದು ಕೊಡುತ್ತಾರೆ. ಎಲ್ಲ ಸಲ ಮರ ಉಳಿಯುವುದಿಲ್ಲ, ಆರೆಯಲ್ಲಿ ಉಳಿಯಲಿಲ್ಲ. ಆದರೂ ಸಣ್ಣ ಕೆಲಸಗಳಲ್ಲಿ ಆ ಕಾಗದದಿಂದ ಉಳಿದ ಮರಗಳು ನಮ್ಮ ಬೀದಿಯಲ್ಲೇ ಇವೆ. ಪೈಪು ಎರಡು ಅಡಿ ಸರಿಸಿ ಹಾಕಿದರು, ಅಷ್ಟೇ.

ಕರ್ನಾಟಕದಲ್ಲೂ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ಮರ ಅಧಿಕಾರಿ ಇದ್ದಾರೆ. ಐವತ್ತಕ್ಕಿಂತ ಹೆಚ್ಚು ಮರ ಹೋಗುವುದಾದರೆ ಜನರಿಗೆ ತಿಳಿಸಿ ಆಕ್ಷೇಪ ಕೇಳಬೇಕು. ನಮ್ಮ ಸ್ಟಾಪಿನ ಸಾಲಿನಲ್ಲಿ ಇರುವುದು 17 ಮರ. ಕರಾವಳಿಯ ಹೆಚ್ಚಿನ ನಿಲ್ದಾಣಗಳ ಕಥೆಯೂ ಹೀಗೇ ಇರಬಹುದು. ಒಂದು ಕಡೆ ಹತ್ತು, ಇನ್ನೊಂದು ಕಡೆ ಇಪ್ಪತ್ತು. ಐವತ್ತು ಎಲ್ಲೂ ಆಗುವುದಿಲ್ಲ. ಗರಗಸದ ಶಬ್ದ ಕೇಳಿದ ಮೇಲೆಯೇ ಜನರಿಗೆ ವಿಷಯ ಗೊತ್ತಾಗುತ್ತದೆ. ಆಗ ಓಡಿಹೋಗಿ ಜಗಳ ಮಾಡಿ ಎಂತ ಪ್ರಯೋಜನ? ಒಂದೇ ಮರವಾದರೂ ಅದರ ಕಾಂಡದ ಮೇಲೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಲಿ. ಯಾಕೆ ಕಡಿಯುತ್ತಾರೆ, ಯಾವಾಗ, ಯಾರಿಗೆ ಹೇಳಬೇಕು ಎಂದು ಅದರಲ್ಲಿರಲಿ. ಆ ಹಾಳೆಯಲ್ಲಿ ಇನ್ನೊಂದು ವಿಷಯವೂ ಇರಬೇಕು ಎಂಬುದು ನನ್ನ ಆಸೆ. ಹೊಸ ನಿಲ್ದಾಣಕ್ಕೆ ನಡೆದು ಬರುವವರು ಎಲ್ಲಿ ನಡೆಯಬೇಕು ಎಂದು ಒಂದು ಗೆರೆ ಎಳೆದು ತೋರಿಸಲಿ. ಆ ಗೆರೆ ಕಣ್ಣಿಗೆ ಬಿದ್ದರೆ ಭಾವನೂ ಪಕ್ಕದ ಮನೆಯ ಹುಡುಗಿಯೂ ಒಂದೇ ಹಾಳೆ ಮುಂದಿಟ್ಟುಕೊಂಡು ಮಾತಾಡಬಹುದು.

ಜನವರಿ ಮೊದಲ ವಾರ ಅಳಿಯನನ್ನು ಕರೆದುಕೊಂಡು, ಐದು ಮೀಟರಿನ ಟೇಪು ಹಿಡಿದು ಆ ಸ್ಟಾಪಿಗೆ ಹೋದೆ. ಇಡೀ ಬೆಳಿಗ್ಗೆ ಅಳೆದೆವು. ಗೋಳಿಮರದಿಂದ ರಸ್ತೆಯ ಅಂಚಿಗೆ ಇರುವುದು ಒಂದು ಮೀಟರ್ ಅಷ್ಟೇ. ಅಲ್ಲಿ ದಾರಿ ಆಗುವುದಿಲ್ಲ, ಅದು ನಿಜ. ಆದರೆ ಮರದ ಹಿಂದುಗಡೆ, ಬುಡದಿಂದ ಮುಳ್ಳುತಂತಿಯ ಬೇಲಿವರೆಗೆ 2.3 ಮೀಟರ್ ಇದೆ. ಪೊದೆ, ಪ್ಲಾಸ್ಟಿಕ್, ಹಳೆಯ ಜಲ್ಲಿಯ ರಾಶಿ. ಯಾರೂ ಬಳಸದ ಜಾಗ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ತನ್ನ ಮಾರ್ಗಸೂಚಿಯಲ್ಲಿ ಫುಟ್‌ಪಾತಿಗೆ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಎನ್ನುತ್ತದೆ. ಅಷ್ಟಿದ್ದರೆ ಎರಡು ಗಾಲಿಕುರ್ಚಿ ಎದುರುಬದುರಾಗಿ ದಾಟಬಹುದು. ಕಾಲುದಾರಿ ಮರದ ಮುಂದೆಯೇ ಹೋಗಬೇಕು ಎಂದು ಯಾರು ಹೇಳಿದರು? ಹಿಂದಿನಿಂದ ಬಳಸಿ ಹೋಗಲಿ. ನಮ್ಮ ಗದ್ದೆಯ ಹುಣಿ, ಅಂದರೆ ಬದು ಕೂಡ ಮರ ಸಿಕ್ಕಿದಲ್ಲಿ ಸುತ್ತಿಕೊಂಡೇ ಹೋಗುತ್ತದೆ.

ಆಮೇಲೆ ಮುಂದಿನ ಜಾಗ ಅಳೆದೆವು. ಪಾರ್ಕಿಂಗಿಗೆಂದು ಸುಣ್ಣದಲ್ಲಿ ಗುರುತು ಹಾಕಿರುವುದು ಐದು ಮೀಟರ್ ಅಗಲ, ಉದ್ದಕ್ಕೆ ಇಡೀ ನಿಲ್ದಾಣದ ಮುಖ. ಹದಿನಾಲ್ಕು ಕಾರು ಹಿಡಿಯಬಹುದು ಎಂದು ಅಳಿಯ ಲೆಕ್ಕ ಹಾಕಿದ. ನಾನು ಟೇಪು ಮಡಚಿ ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಬಸ್ ನಿಲ್ದಾಣಕ್ಕೆ ಬರುವವರಲ್ಲಿ ಕಾರಿನವರು ಎಷ್ಟು ಜನ? ನಾವಿದ್ದ ಮೂರು ಗಂಟೆಯಲ್ಲಿ ಬಸ್ಸು ಹತ್ತಿದವರೆಲ್ಲ ನಡೆದೇ ಬಂದವರು ಅಥವಾ ರಿಕ್ಷಾದಲ್ಲಿ ಬಂದವರು. ಮರ ಹೋಗಬೇಕಾದದ್ದು ಆ ಹದಿನಾಲ್ಕು ಕಾರಿಗೆ. ಕಾರಣ ಹೇಳುವಾಗ ಮಾತ್ರ ನನ್ನ ಅಮ್ಮನ ಹೆಸರು ಬರುತ್ತದೆ. ಈ ಮಾತು ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ.

ಮರದ ಬೇರಿನ ಬಗ್ಗೆ ಇಷ್ಟು ತಿಳಿದುಕೊಂಡರೆ ಸಾಕು. ನೀರು, ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ಹರವಿನಿಂದಾಚೆಗೂ ಹಬ್ಬುತ್ತವೆ. ನಮ್ಮಲ್ಲಿ ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಮುರಕಲ್ಲು. ಬೇರು ಅಡ್ಡಕ್ಕೇ ಹೋಗಬೇಕು. ಒಂದು ಬದಿಯಲ್ಲಿ ಚರಂಡಿಗೆಂದು ಜೆಸಿಬಿ ಹಾಕಿ ಉದ್ದಕ್ಕೆ ಅಗೆದರೆ ಅರ್ಧ ಬೇರು ಹೋಯಿತು. ಮರ ಕೂಡಲೇ ಸಾಯುವುದಿಲ್ಲ. ಎರಡು ಮೂರು ಮಳೆಗಾಲ ಎಳೆಯುತ್ತದೆ, ಆಮೇಲೆ ಒಂದು ಗಾಳಿಗೆ ಬೀಳುತ್ತದೆ. "ನೋಡಿ, ಮರ ಇದ್ದರೆ ಅಪಾಯ" ಎಂದು ಆಗ ಊರು ಹೇಳುತ್ತದೆ. ಗುಡ್ಡ ನೆಟ್ಟಗೆ ಕೊರೆದು ದರೆಯ ಅಂಚಿನಲ್ಲಿ ಬಿಟ್ಟ ಮರಗಳ ಪಾಡೂ ಅದೇ.

ಚರಂಡಿಯನ್ನು ರಸ್ತೆಯ ಇನ್ನೊಂದು ಬದಿಗೆ ಹಾಕಬಹುದು. ಬೇರಿನ ಮೇಲೆ ದಾರಿ ಹೋಗುವಲ್ಲಿ ಮಣ್ಣು ಅಗೆದು ಕಾಂಕ್ರೀಟು ಸುರಿಯುವ ಬದಲು, ಬೇರಿಲ್ಲದ ಕಡೆ ನೋಡಿ ಸಣ್ಣ ಸಣ್ಣ ಕಂಬ ನಿಲ್ಲಿಸಿ ಮೇಲೆ ಚಪ್ಪಡಿ ಹಾಸಬಹುದು. ತೋಡಿಗೆ ಸಂಕ ಹಾಕಿದ ಹಾಗೆ. ಅಡಿಯಲ್ಲಿ ನೀರೂ ಗಾಳಿಯೂ ಹೋಗುತ್ತದೆ, ಮೇಲೆ ಅಮ್ಮನ ಕೋಲಿಗೆ ಎಡವುವಂಥದ್ದು ಏನೂ ಇರುವುದಿಲ್ಲ. ಎರಡು ಕಡೆ ಮೆಟ್ಟಿಲು ಬೇಡ, ನಿಧಾನ ಇಳಿಜಾರು ಬೇಕು.

ಕಟ್ಟೆಯ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಬೇಸರ ತರಬಹುದು. ಮರದ ಸುತ್ತ ಕಟ್ಟೆ ಕಟ್ಟುವುದು ನಮ್ಮ ಪ್ರೀತಿ, ಭಕ್ತಿ. ಆದರೆ ಹಿಂದಿನ ಕಟ್ಟೆಗಳು ಕಲ್ಲು ಜೋಡಿಸಿ ಮಣ್ಣು ತುಂಬಿದವು, ನೀರು ಇಳಿಯುತ್ತಿತ್ತು. ಈಗ ಸಿಮೆಂಟು, ಮೇಲೆ ಟೈಲ್ಸು, ಕಾಂಡಕ್ಕೆ ತಾಗಿಕೊಂಡೇ. ಮರಕ್ಕೆ ಉಸಿರು ಕಟ್ಟುತ್ತದೆ, ಕಾಲುದಾರಿಯ ಮುಕ್ಕಾಲು ಭಾಗವೂ ಹೋಗುತ್ತದೆ. ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು ಇರಬಾರದು ಎಂದು ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಹೇಳಿತ್ತು. ಅದನ್ನು ನಾವೂ ಪಾಲಿಸಬಹುದು. ನಾಗಬನಗಳಲ್ಲೂ ಬನ ಕಡಿಮೆಯಾಗಿ ಕಟ್ಟಡ ಜಾಸ್ತಿಯಾಗುತ್ತಿರುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಒಂದು ಕೊಂಬೆ ಮುರಿಯಲೂ ಹೆದರುತ್ತಿದ್ದ ಊರು ನಮ್ಮದು. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಪಾಲೆ ಮರದ ಕೆತ್ತೆ ತೆಗೆಯುವಾಗಲೂ ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತೆಗೆಯುತ್ತಿದ್ದರು ನನ್ನ ಅಜ್ಜ.

ನಿಲ್ದಾಣ ಮತ್ತು ಮರ ಬೇರೆ ಬೇರೆ ಎಂದು ನಮಗೆ ಯಾರು ಕಲಿಸಿದರೋ ಗೊತ್ತಿಲ್ಲ. ಗೋಳಿಯಂಗಡಿ ಎಂಬ ಊರಿದೆ. ಗೋಳಿಮರ, ಅದರ ಹತ್ತಿರ ಅಂಗಡಿ, ಅಲ್ಲೇ ಬಸ್ಸು. ಮಂಗಳೂರಿನ ಹಂಪನಕಟ್ಟೆಗೆ ಆ ಹೆಸರು ಬಂದದ್ದು ಅಪ್ಪಣ್ಣ ಎಂಬವರು ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆಯಿಂದ ಎಂದು ಹಿರಿಯರು ಹೇಳುತ್ತಾರೆ. ಅಲ್ಲಿಂದ ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ಇಳಿದವರು ನಡೆದೇ ಊರು ಸೇರಿರಬೇಕಲ್ವಾ. ಮುಂಬಯಿಯಲ್ಲೂ ಚಿಂಚ್‌ಪೋಕ್ಲಿ ಎಂಬ ನಿಲ್ದಾಣ ಇದೆ. ಮರಾಠಿಯಲ್ಲಿ ಚಿಂಚ್ ಎಂದರೆ ಹುಣಸೆ. ನಾನು ಅಲ್ಲಿ ಎಷ್ಟೋ ಸಲ ಇಳಿದಿದ್ದೇನೆ, ಹುಣಸೆ ಮರಕ್ಕಾಗಿ ಸುತ್ತ ಕಣ್ಣು ಹಾಯಿಸಿದ್ದೇನೆ. ಹೆಸರಲ್ಲಿ ಬಿಟ್ಟರೆ ನನಗೆಲ್ಲೂ ಅದು ಸಿಗಲಿಲ್ಲ.

ರಿಕ್ಷಾದವರನ್ನೂ ಮಾತಾಡಿಸಿದೆ. ಅವರ ಸ್ಟ್ಯಾಂಡು ಇರುವುದೇ ಸಾಲಿನ ಮಳೆಮರದ ಅಡಿಯಲ್ಲಿ. ಒಬ್ಬರು ಹೇಳಿದರು, "ಮರ ಬೇಕು ಮಾರ್ರೆ, ಬೇಸಗೆಯಲ್ಲಿ ಇದಿಲ್ಲದಿದ್ದರೆ ಗಾಡಿಯ ಸೀಟು ಮುಟ್ಟಲಿಕ್ಕಾಗುದಿಲ್ಲ. ಆದರೆ ಮಳೆಗಾಲದಲ್ಲಿ ಕೊಂಬೆ ಬಿದ್ದು ರಿಕ್ಷಾ ಹೋದರೆ ನನ್ನ ಮಕ್ಕಳ ಫೀಸು ಯಾರು ಕೊಡ್ತಾರೆ?" ಇದು ನ್ಯಾಯವಾದ ಮಾತು. ಮುಂಬಯಿಯಲ್ಲಿ ಮಳೆಗಾಲದಲ್ಲಿ ಮರ, ಕೊಂಬೆ ಬಿದ್ದು ಜನ ಸಾಯುವ ಸುದ್ದಿ ಓದುತ್ತಲೇ ಇರುತ್ತೇವೆ. ಮರ ಉಳಿಸಬೇಕು ಎನ್ನುವವರು ಮೇ ತಿಂಗಳಲ್ಲಿ ಒಣಕೊಂಬೆ ತೆಗೆಸುವ ಜವಾಬ್ದಾರಿಯನ್ನೂ ಹೊರಬೇಕು. ಒಂದೇ ಬದಿಯ ಕೊಂಬೆ ಕಡಿದು ಮರವನ್ನು ವಾಲಿಸಿ ಹೋಗುವ ಕೆಲಸ ಅಲ್ಲ, ತಿಳಿದವರು ನೋಡಿ ಮಾಡುವ ಕೆಲಸ.

ಪಕ್ಕದ ಮನೆಯ ಹುಡುಗಿಗೂ ನಾನು ಹೇಳಿದೆ, ಆ 17ರಲ್ಲಿ ಮೂರು ಹೋಗಲಿ. ಎರಡು ಅಕೇಶಿಯಾ, ಗಾಳಿಗೆ ಬೇಗ ಮುರಿಯುವಂಥವು. ಇನ್ನೊಂದು ಮಾವು, ಕಾಂಡದೊಳಗೆ ಪೂರ್ತಿ ಟೊಳ್ಳು, ಕೈ ಹಾಕಿ ನೋಡಿದ್ದೇನೆ. ಅವಳಿಗೆ ಸ್ವಲ್ಪ ನೋವಾಯಿತು. ಆಮೇಲೆ, "ಆ ಮೂರರ ಜಾಗದಲ್ಲಿ ರೆಂಜೆ ನೆಡಬಹುದಾ ಮಾಮ?" ಎಂದು ಕೇಳಿದಳು. ರೆಂಜೆ ಅಂದರೆ ಬಕುಳ. ಒಳ್ಳೆಯ ಯೋಚನೆ. ರೆಂಜೆ ವರ್ಷವಿಡೀ ಹಸಿರು, ನೆರಳು ದಟ್ಟ. ಬೆಳಿಗ್ಗೆ ಬಸ್ಸಿಗೆ ಬರುವ ಮಕ್ಕಳು ಹೂ ಹೆಕ್ಕಬಹುದು.

ನಾನು ಈ ಒಂದು ಸ್ಟಾಪಿನ ಬಗ್ಗೆ ಇಷ್ಟು ಬರೆಯಲು ಕಾರಣ ಇದೆ. ಕರಾವಳಿಯಲ್ಲಿ ಈಗ ನಿಲ್ದಾಣ ಕಟ್ಟುವ ಕಾಲ. ಅಮೃತ ಭಾರತ್ ಯೋಜನೆಯಲ್ಲಿ 2023ರ ಆಗಸ್ಟ್ 6ರಂದು ದೇಶದ 508 ರೈಲು ನಿಲ್ದಾಣಗಳ ಕೆಲಸಕ್ಕೆ ಅಡಿಗಲ್ಲು ಬಿತ್ತು. ಮಂಗಳೂರು ಜಂಕ್ಷನ್ ಕೂಡ ಅದರಲ್ಲಿದೆ. ನೇತ್ರಾವತಿ, ಫಲ್ಗುಣಿ ಹೊಳೆಗಳಲ್ಲಿ ವಾಟರ್ ಮೆಟ್ರೋ ತರುವ ಪ್ರಸ್ತಾಪವೂ ಇದೆ. ಕೊಚ್ಚಿಯಲ್ಲಿ 2023ರ ಏಪ್ರಿಲಿನಲ್ಲಿ ಶುರುವಾದಂಥದ್ದು. ಅದು ಬಂದರೆ ನನಗೆ ಸಂತೋಷ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದವರಿಗೆ ಹೊಳೆಯ ದಾರಿಯ ಸುಖ ಗೊತ್ತು. ಆದರೆ ಅಲ್ಲಿ ಜೆಟ್ಟಿ ಕಟ್ಟುವ ದಡದಲ್ಲಿರುವುದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ದಡ ಕೊರೆಯದಂತೆ ಹಿಡಿದಿರುವುದು, ಮೀನಿನ ಮರಿಗಳಿಗೆ ತಾವು ಕೊಟ್ಟಿರುವುದು ಅವೇ. ಬಾಂಬೆ ಹೈಕೋರ್ಟು 2018ರಲ್ಲಿ ಇಡೀ ಮಹಾರಾಷ್ಟ್ರದಲ್ಲಿ ಕಾಂಡ್ಲಾ ನಾಶ ಮಾಡುವುದನ್ನು ನಿಷೇಧಿಸಿತು, ಅವುಗಳ ಸುತ್ತ 50 ಮೀಟರ್ ಬಿಡಬೇಕೆಂದಿತು. ನಾವು ಕೋರ್ಟು ಹೇಳುವವರೆಗೆ ಕಾಯಬೇಕಾಗಿಲ್ಲ. ದಡದಿಂದ ಜೆಟ್ಟಿಗೆ ಕಾಂಡ್ಲಾದ ನಡುವೆ ಎತ್ತರದ ಕಿರುಸೇತುವೆ ಹಾಕಿದರೆ ಜನರೂ ನಡೆಯುತ್ತಾರೆ, ಗಿಡವೂ ಉಳಿಯುತ್ತದೆ. ಹೊಳೆಯವರೆಗೆ ಲಾರಿ ಹೋಗುವಷ್ಟು ಅಗಲ ಮಣ್ಣು ತುಂಬಿಸಿ ರಸ್ತೆ ಮಾಡಿದರೆ ಎರಡೂ ಹಾಳು.

1993ರ ಮಾರ್ಚಿನಲ್ಲಿ ಮಂಗಳೂರು–ಉಡುಪಿ ನಡುವೆ ಕೊಂಕಣ ರೈಲು ಓಡತೊಡಗಿದಾಗ ನಾವು ಹುಡುಗರು ಉಡುಪಿಯ ರೈಲು ನಿಲ್ದಾಣ ಇರುವ ಇಂದ್ರಾಳಿಗೆ ರೈಲು ನೋಡಲು ನಡೆದೇ ಹೋಗಿದ್ದೆವು. ಮುಂಬಯಿವರೆಗೆ ಹಳಿ ಸೇರಿದ್ದು 1998ರ ಜನವರಿಯಲ್ಲಿ. ನಾನು ಅದಕ್ಕಿಂತ ಮೊದಲೇ, 1994ರಲ್ಲಿ, ಬಸ್ಸಿನಲ್ಲಿ ಹೊರಟಿದ್ದೆ. ಈಗ ಮತ್ಸ್ಯಗಂಧ ರೈಲಿನಲ್ಲಿ ಬೆಳಿಗ್ಗೆ ಇಂದ್ರಾಳಿಯಲ್ಲಿ ಇಳಿಯುವಾಗ ಮೊದಲು ಮೈಗೆ ತಾಗುವುದು ಮರಗಳ ತಂಪು. ಹೊರನಾಡಿನಲ್ಲಿರುವ ನಮಗೆ ಊರು ಬಂತೆಂದು ಗೊತ್ತಾಗುವುದು ಆ ತಂಪಿನಿಂದ. ಅದನ್ನು ಬಿಟ್ಟುಕೊಟ್ಟು ಮುಂಬಯಿಯಂಥ ನಿಲ್ದಾಣ ಮಾಡಿಕೊಳ್ಳಬೇಡಿ ಎಂದು ಊರಿನವರಲ್ಲಿ ಕೈ ಮುಗಿದು ಕೇಳುತ್ತೇನೆ. ದೂರ ಇರುವವನು ಉಪದೇಶ ಮಾಡುತ್ತಾನೆ ಅಂದುಕೊಳ್ಳಬೇಡಿ. ನನ್ನ ಅಮ್ಮ ಅಲ್ಲೇ ಇದ್ದಾರೆ.

ಅಳೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆವು. 17 ಮರ, ಮೂರು ಹೋಗಲಿ, ಹದಿನಾಲ್ಕು ಇರಲಿ. ದಾರಿ ಮರಗಳ ಹಿಂದುಗಡೆ, 1.8 ಮೀಟರ್. ಬುಡದ ಸುತ್ತ ಒಂದು ಮೀಟರ್ ಬಿಡಬೇಕಾದ್ದರಿಂದ ಬೇಲಿ ಅರ್ಧ ಮೀಟರ್ ಹಿಂದಕ್ಕೆ. ಮುಂದಿನ ಪಾರ್ಕಿಂಗಿನಲ್ಲಿ ರಿಕ್ಷಾಕ್ಕೂ ಅಂಗವಿಕಲರ ಗಾಡಿಗೂ ಮಾತ್ರ ಜಾಗ, ಉಳಿದ ಕಾರುಗಳು ಹಿಂದಿನ ಖಾಲಿ ಜಾಗಕ್ಕೆ. ಅಮ್ಮನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು, "ಎಲ್ಲ ಸರಿ ಉಂಟು. ಬಸ್ಸಿನ ಮೆಟ್ಟಿಲು ಎತ್ತರ, ಫುಟ್‌ಪಾತಿನಿಂದ ಹತ್ತುವ ಹಾಗೆ ಬಸ್ಸು ಹತ್ತಿರ ನಿಲ್ಲಲಿ ಅಂತಲೂ ಬರಿ" ಎಂದರು. ಅದು ನನಗೆ ಹೊಳೆದೇ ಇರಲಿಲ್ಲ. ಬರೆದೆ. ಭಾವನೂ ಸಹಿ ಹಾಕಿದರು. ಹಾಳೆಯನ್ನು ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಮಧ್ಯಾಹ್ನದ ರೈಲು ಹತ್ತಿದೆ.

ಮೊನ್ನೆ ಅಳಿಯ ಫೋಟೋ ಕಳಿಸಿದ್ದಾನೆ. ಮರಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಹಾಕಿದ್ದಾರೆ. ಗೋಳಿಮರದ್ದು 9. ಉಳಿಸುವ ನಂಬರೋ ಕಡಿಯುವ ನಂಬರೋ ಎಂದು ಯಾರಿಗೂ ಗೊತ್ತಿಲ್ಲ. ಕೇಳಿ ಪತ್ರ ಬರೆದಿದ್ದೇನೆ. ಮಳೆ ಶುರುವಾಗುವ ಮೊದಲು, ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇನೆ, ಟಿಕೆಟ್ ಆಗಿದೆ. ಅಲ್ಲಿಯವರೆಗೆ ದಿನಾ ಒಂದು ಸಲ ಆ ಕಡೆ ಹೋಗಿ ನೋಡಿ ಬಾ ಎಂದು ಅಳಿಯನಿಗೆ ಹೇಳಿದ್ದೇನೆ.